ಉಪಗ್ರಹಕ್ಕೆ ಕಾಣದ ಕಾಲುದಾರಿ

ನಕ್ಷೆ ಬರೆಯುವ ಹವ್ಯಾಸ ಹತ್ತಿಸಿಕೊಂಡವರಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಷ್ಟು ಸೊಗಸಾದ ನೆಲ ಕರ್ನಾಟಕದಲ್ಲಿ ಇನ್ನೊಂದಿಲ್ಲ. ಬಯಲುಸೀಮೆಯ ಊರಿನಲ್ಲಿ ಮನೆಗಳು ಒತ್ತಾಗಿರುತ್ತವೆ, ಸುತ್ತ ಹೊಲ, ನಡುವೆ ನೆಟ್ಟಗಿನ ರಸ್ತೆ. ಉಪಗ್ರಹದ ಚಿತ್ರ ಎದುರಿಗಿಟ್ಟುಕೊಂಡು ಕೂತರೆ ಊರಿನ ಮುಕ್ಕಾಲು ಪಾಲು ಒಂದೇ ಸಂಜೆಗೆ ಮುಗಿದುಹೋಗುತ್ತದೆ. ಮಲೆನಾಡಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಗುಡ್ಡದ ಮಗ್ಗುಲಿಗೊಂದು ಮನೆ, ಕಣಿವೆಗೊಂದು ತೋಟ. ಮನೆಯ ಮೇಲೆ ಹಲಸು ಮಾವಿನ ನೆರಳು, ದಾರಿಯ ಮೇಲೆ ಕಾನು, ಹಳ್ಳದ ಮೇಲೆ ಅಡಿಕೆ ಸೋಗೆ. ಮೇಲಿಂದ ನೋಡಿದರೆ ಬರೀ ಹಸಿರು. ಅದರ ಅಡಿಯಲ್ಲಿ ಏನಿದೆಯೆಂಬುದು ಅಲ್ಲಿ ನಡೆದಾಡುವವರಿಗಷ್ಟೇ ಗೊತ್ತು. ಹಾಗಾಗಿ ಇಲ್ಲಿನ ನಕ್ಷೆಯನ್ನು ಇಲ್ಲಿನವರೇ ಬರೆಯಬೇಕು.

ಬರೆಯುವುದಕ್ಕೆ ಜಾಗ ಇದೆ. 2004ರಲ್ಲಿ ಬ್ರಿಟನ್ನಿನ ಸ್ಟೀವ್ ಕೋಸ್ಟ್ ಶುರು ಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್ ಯಾವ ಕಂಪನಿಯ ಆಸ್ತಿಯೂ ಅಲ್ಲ. ಖಾತೆ ತೆರೆದವರೆಲ್ಲ ಅದಕ್ಕೆ ಸೇರಿಸಬಹುದು, ತಿದ್ದಬಹುದು. ಮೂಲವನ್ನು ಹೆಸರಿಸಿ ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಜಗತ್ತಿನ ಮೂಲೆಮೂಲೆಯ ಹವ್ಯಾಸಿಗಳು ಮನೆಯಲ್ಲೇ ಕೂತು ಪೋರ್ಟ್ ಒ ಪ್ರಿನ್ಸ್ ನಗರದ ಬೀದಿಗಳನ್ನು ಎಳೆದುಕೊಟ್ಟರು. ಪರಿಹಾರಕ್ಕೆ ಹೋದವರ ಕೈಗೆ ಆ ನಕ್ಷೆ ಸಿಕ್ಕಿತು. ಈ ಬಳಗದ ಏಷ್ಯಾ ಸಮಾವೇಶ 2018ರಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ನಕ್ಷೆ ತಯಾರಿಗೆ ಪೂರ್ವಾನುಮತಿ ಬೇಕೆಂಬ ಕಟ್ಟುಪಾಡನ್ನು ಕೇಂದ್ರ ಸರ್ಕಾರ 2021ರ ಫೆಬ್ರುವರಿಯಲ್ಲಿ ಸಡಿಲಿಸಿದ ಮೇಲೆ ಹಿಂಜರಿಯುವುದಕ್ಕೂ ಕಾರಣ ಉಳಿದಿಲ್ಲ.

ಈ ಹವ್ಯಾಸ ಹೇಗೆ ಒಳಗೆಳೆದುಕೊಳ್ಳುತ್ತದೆ ಎಂಬುದಕ್ಕೆ ಹಳ್ಳಗಳ ಉದಾಹರಣೆಯೇ ಸಾಕು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹೊಳೆ, ಹಳ್ಳಗಳನ್ನು ನೀರು ಹರಿಯುವ ದಿಕ್ಕಿನಲ್ಲೇ ಎಳೆಯಬೇಕೆಂಬ ನಿಯಮವಿದೆ. ಗೆರೆ ಎಳೆದ ದಿಕ್ಕೇ ಹರಿವಿನ ದಿಕ್ಕು. ಆದ್ದರಿಂದ ನೀರು ಎಲ್ಲಿ ಹುಟ್ಟಿ ಯಾವ ಕಡೆ ಇಳಿಯುತ್ತದೆ ಎಂದು ತಿಳಿಯದೆ ಒಂದು ಗೆರೆಯನ್ನೂ ಹಾಕುವಂತಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ವಾಯವ್ಯಕ್ಕೆ ಹರಿದು, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಅದೇ ತಾಲ್ಲೂಕಿನ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ, ಮುಂದೆ ಕೃಷ್ಣೆಯೊಂದಿಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಸಾಗರ ತಾಲ್ಲೂಕಿನ ವರದಾಮೂಲದ ನೀರೂ ಪೂರ್ವಕ್ಕೇ ನಡೆಯುತ್ತದೆ; ಹೊಸನಗರದ ವರಾಹಿ ಪಶ್ಚಿಮಕ್ಕೆ. ಈ ಮೂರು ತಾಲ್ಲೂಕುಗಳ ದಿಬ್ಬಗಳಲ್ಲೇ ಮಳೆನೀರು ಎರಡು ಕಡಲುಗಳಿಗೆ ಪಾಲಾಗುತ್ತದೆ. ಅದನ್ನು ಓದಿ ತಿಳಿಯುವುದು ಬೇರೆ, ಒಂದೊಂದೇ ಹಳ್ಳವನ್ನು ಹಿಡಿದು ಮೇಲಿಂದ ಕೆಳಗೆ ಎಳೆದುಕೊಂಡು ಬರುತ್ತ ಕಾಣುವುದು ಬೇರೆ. ಒಂದು ದಿಬ್ಬದ ಈಚೆಯ ಗೆರೆ ತುಂಗೆಗೆ, ಆಚೆಯ ಗೆರೆ ಶರಾವತಿಗೆ ಸೇರಿದ ಗಳಿಗೆಯಲ್ಲಿ ಆಗುವ ಸಂತೋಷ ದೊಡ್ಡದು. ಊಟದ ಹೊತ್ತು ಮೀರುವುದು ಇಂಥ ಕಡೆಯೇ.

ತೆರೆಯ ಮೇಲಿನ ಕೆಲಸ ಅರ್ಧ ಮಾತ್ರ. ಉಳಿದರ್ಧಕ್ಕೆ ಚಪ್ಪಲಿ ಮೆಟ್ಟಿ ಹೊರಡಬೇಕು. ಕವಲೇದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ಉಪಗ್ರಹದ ಚಿತ್ರ ಎರಡು ಮನೆಗಳ ನಡುವೆ ಸಣ್ಣ ದಾರಿಯೊಂದನ್ನು ತೋರಿಸುತ್ತಿತ್ತು. ಹೋಗಿ ನೋಡಿದೆ. ಗದ್ದೆಯ ಅಂಚಿನಲ್ಲಿ ಉಣುಗೋಲು. ಮೂರು ಗಳ ಸರಿಸಿದರೆ ಜನ, ದನ, ಬೈಕು ಎಲ್ಲ ದಾಟಬಹುದು. ಅಲ್ಲಿಂದ ಮುಂದೆ ತೋಟದ ಅಗಳಿನ ಪಕ್ಕ ತಡಬೆ. ಅದನ್ನು ಮನುಷ್ಯರಷ್ಟೇ ಹತ್ತಿ ಇಳಿಯಬೇಕು. ನಕ್ಷೆಯಲ್ಲಿ ಇವೆರಡಕ್ಕೂ ಬೇರೆಬೇರೆ ಗುರುತುಗಳಿವೆ, ಆ ವ್ಯತ್ಯಾಸದ ಮೇಲೆಯೇ ದಾರಿ ಬೈಕಿನದೋ ಕಾಲಿನದೋ ಎಂದು ತೀರ್ಮಾನವಾಗುವುದು. ತಡಬೆ ದಾಟುವಷ್ಟರಲ್ಲಿ ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಹಿರಿಯರೊಬ್ಬರು ಕೂಗಿ ಕರೆದರು. ‘ಯಾರ ಮನೆಗೆ?’ ಎಂದು ಕೇಳಿ, ನನ್ನ ಕೆಲಸ ತಿಳಿದುಕೊಂಡು, ‘ಆ ದಾರೀಲಿ ಈಗ ಯಾರೂ ಹೋಗಲ್ಲ ಮಾರಾಯ್ರೆ. ಸಂಕ ಮುರಿದು ಎರಡು ಮಳೆಗಾಲ ಆಯ್ತು. ಮೇಲಿನ ಬ್ಯಾಣದ ಮೇಲಾಸಿ ಹೋಗಿ’ ಎಂದರು. ಹಳ್ಳದ ಹತ್ತಿರ ಹೋದರೆ ಅಡಿಕೆ ಮರ ಸೀಳಿ ಹಾಸಿದ್ದ ಸಂಕದ ಎರಡು ತುಂಡು ಮಾತ್ರ ದಡದಲ್ಲಿ ಬಿದ್ದಿದ್ದವು. ಬ್ಯಾಣದ ದಾರಿಯೋ, ಚಿತ್ರದಲ್ಲಿ ಇರಲೇ ಇಲ್ಲ. ಇಲ್ಲದ ದಾರಿಯನ್ನು ತೆಗೆದು ಇರುವ ದಾರಿಯನ್ನು ಸೇರಿಸಿದೆ. ನಕ್ಷೆಯ ನಿಜ ಆ ಹಿರಿಯರ ಬಾಯಲ್ಲಿತ್ತು.

ನೀರೇ ನೆಲವಾಗುವ, ನೆಲವೇ ನೀರಾಗುವ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಇನ್ನೂ ಎಚ್ಚರ ಬೇಕು. 1964ರಲ್ಲಿ ಅಣೆಕಟ್ಟು ಮುಗಿದ ಮೇಲೆ ಇಲ್ಲಿನ ದಡ ವರ್ಷಕ್ಕೆರಡು ಸಲ ಜಾಗ ಬದಲಿಸುತ್ತದೆ. ಮೇ ತಿಂಗಳಲ್ಲಿ ತೆಗೆದ ಚಿತ್ರದಲ್ಲಿ ಬೋಳು ದಿಬ್ಬ, ಹಳೆಯ ರಸ್ತೆಯ ಗುರುತು. ಅಕ್ಟೋಬರ್‌ನ ಚಿತ್ರದಲ್ಲಿ ಅದೇ ಜಾಗ ಪೂರ್ತಿ ನೀರು. ಯಾವುದೋ ಒಂದು ಚಿತ್ರವನ್ನು ನಂಬಿ ದಡ ಎಳೆದರೆ ಊರು ಮುಳುಗುತ್ತದೆ, ಇಲ್ಲವೇ ಕೆರೆ ಬತ್ತುತ್ತದೆ. ಗರಿಷ್ಠ ಮಟ್ಟವಾದ 1819 ಅಡಿಗೆ ನೀರು ಎಲ್ಲಿ ನಿಲ್ಲುತ್ತದೆಂದು ದಡದವರನ್ನೇ ಕೇಳಿ ಗೆರೆ ಹಾಕಿ, ಬೇಸಿಗೆಯಲ್ಲಿ ತೆರೆದುಕೊಳ್ಳುವ ಭಾಗಕ್ಕೆ ಬೇರೆ ಗುರುತು ಕೊಡುವುದು ಸರಿಯಾದ ಕ್ರಮ. ಲಿಂಗನಮಕ್ಕಿಗೂ ಮುಂಚಿನ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ನೀರು ತೀರಾ ಇಳಿದ ಬೇಸಿಗೆಗಳಲ್ಲಿ ತಲೆಯೆತ್ತುತ್ತದೆ. ಅದಕ್ಕೂ ನಕ್ಷೆಯಲ್ಲಿ ಜಾಗ ಇರಬೇಕು.

ಸಿಗಂದೂರು, ತುಮರಿ ಕಡೆಗೆ ನಕ್ಷೆಯಲ್ಲಿ ಬಹುಕಾಲ ನೀರಿನ ಮೇಲೆ ತುಂಡುಗೆರೆ ಇತ್ತು, ಅದು ಲಾಂಚ್ ಹೋಗುವ ದಾರಿ. ರಾತ್ರಿ ಲಾಂಚ್ ನಿಂತ ಮೇಲೆ ಬೇನೆ ತಿನ್ನುವವರು ಸುತ್ತುದಾರಿ ಹಿಡಿಯಬೇಕಿತ್ತು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸುಮಾರು 2.44 ಕಿಲೋಮೀಟರ್ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಆರು ದಶಕ ದ್ವೀಪದಂತಿದ್ದ ಸೀಮೆಗೆ ಗಟ್ಟಿ ಗೆರೆಯೊಂದು ಬಂದು ಸೇರಿದ್ದು ನಕ್ಷೆ ಬರೆಯುವವರು ಮರೆಯುವ ದಿನವಲ್ಲ.

ಕುಶಲದ ಮಾತೂ ಒಂದಿಷ್ಟು ಹೇಳಬೇಕು. ಗುಡ್ಡಗಾಡಿನಲ್ಲಿ ಉಪಗ್ರಹದ ಚಿತ್ರ ಕೆಲವು ಮೀಟರ್ ಆಚೀಚೆ ಜರುಗಿರುತ್ತದೆ. ಒಂದೇ ರಸ್ತೆಯಲ್ಲಿ ಹಲವರು ಓಡಾಡಿ ದಾಖಲಿಸಿದ ಜಿಪಿಎಸ್ ಜಾಡಿಗೆ ಚಿತ್ರವನ್ನು ಹೊಂದಿಸಿಕೊಂಡೇ ಎಳೆಯಲು ಶುರುಮಾಡಬೇಕು. ದಟ್ಟ ಕಾನಿನೊಳಗೆ ಜಿಪಿಎಸ್ ಕೂಡ ತಡವರಿಸುತ್ತದೆ. ಅಲ್ಲಿ ಹೋಗುವಾಗಲೂ ಬರುವಾಗಲೂ ಜಾಡು ದಾಖಲಿಸಿ ಎರಡನ್ನೂ ತಾಳೆ ನೋಡುವುದು ಒಳ್ಳೆಯದು. ಗೂಗಲ್ ನಕ್ಷೆ ನೋಡಿ ನಕಲು ಮಾಡುವುದು ಸಲ್ಲ. ಅದು ಬೇರೆಯವರ ಸ್ವತ್ತು. ಊರಿನ ಹೆಸರನ್ನು ಊರಿನವರು ಹೇಳುವ ಹಾಗೆ ಕನ್ನಡದಲ್ಲಿ ತುಂಬಿ. ಯಾರ ಮನೆ ಯಾವುದು ಎಂದು ಮಾತ್ರ ಬರೆಯಬೇಡಿ. ಮನೆ ಇದೆ, ಅಲ್ಲಿಗೆ ದಾರಿ ಇದೆ ಎನ್ನುವಷ್ಟು ಸಾಕು. ಕಾಡಿನೊಳಗಿನ ದಾರಿಗೆ ಪ್ರವೇಶ ನಿರ್ಬಂಧವಿದ್ದರೆ ಅದನ್ನೂ ಕಾಣಿಸಿ.

ಹಿಂದೆಯೂ ಈ ಸೀಮೆಯನ್ನು ಅಳೆದವರಿದ್ದಾರೆ. ಟಿಪ್ಪು ಮಡಿದ ನಂತರ ಕಾಲಿನ್ ಮೆಕೆಂಜಿ ಮೈಸೂರು ಸರ್ವೇ ನಡೆಸಿದ. ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಇಕ್ಕೇರಿ, ನಗರಗಳನ್ನು ಹಾದು ಹೋಗುತ್ತ ಕಂಡದ್ದನ್ನೆಲ್ಲ ಬರೆದಿಟ್ಟ. ಅವರು ಅಳೆದದ್ದು ಕಂಪನಿ ಸರ್ಕಾರಕ್ಕಾಗಿ. ಇವತ್ತಿನ ಅಳತೆ ನಮಗಾಗಿ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಮಂಗನ ಕಾಯಿಲೆ ಜನರ ಪ್ರಾಣ ತೆಗೆದಾಗ ಆರೋಗ್ಯ ಕಾರ್ಯಕರ್ತರು ಚದುರಿದ ಒಂಟಿಮನೆಗಳನ್ನು ಹುಡುಕಿಕೊಂಡು ಅಲೆಯಬೇಕಾಯಿತು. ಆಶಾ ಕಾರ್ಯಕರ್ತೆಯಾಗಲಿ, 108ರ ಚಾಲಕನಾಗಲಿ, ಸಂಪರ್ಕ ಸಿಗದ ಕಣಿವೆಯಲ್ಲಿ ನಿಂತಾಗ ಅವರ ಮೊಬೈಲಿನಲ್ಲಿ ಮೊದಲೇ ಇಳಿಸಿಕೊಂಡ ನಕ್ಷೆ ತೆರೆದುಕೊಳ್ಳಬೇಕು. ಓಸ್ಮ್‌ಆಂಡ್, ಆರ್ಗಾನಿಕ್ ಮ್ಯಾಪ್ಸ್‌ನಂಥ ಆ್ಯಪ್‌ಗಳು ನಾವು ಬರೆದ ನಕ್ಷೆಯನ್ನೇ ನೆಟ್‌ವರ್ಕ್ ಇಲ್ಲದೆಯೂ ತೋರಿಸುತ್ತವೆ. ನಾವು ಸೇರಿಸದ ದಾರಿ ಅದರಲ್ಲಿ ಇರುವುದಿಲ್ಲ.

ಅದಕ್ಕೇ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಿಂದ ಡಾಂಬರು ರಸ್ತೆವರೆಗಿನ ದಾರಿ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಇದೆಯೇ ಎಂದು ಈ ಭಾನುವಾರ ನೋಡಿ. ಇಲ್ಲದಿದ್ದರೆ ಮೊದಲು ಅದನ್ನು ಎಳೆಯಿರಿ, ಆಮೇಲೆ ಹಳ್ಳ, ಸಂಕ, ಬಸ್ಸು ನಿಲ್ಲುವ ಜಾಗ. ಆಂಡ್ರಾಯ್ಡ್ ಮೊಬೈಲ್ ಇದ್ದವರಿಗೆ ಸ್ಟ್ರೀಟ್‌ಕಂಪ್ಲೀಟ್ ಎಂಬ ಆ್ಯಪ್ ನಿಂತ ಜಾಗದಲ್ಲೇ ‘ಈ ರಸ್ತೆ ಮಣ್ಣಿನದೋ ಡಾಂಬರೋ’ ಎಂಬಂಥ ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳುತ್ತದೆ. ಮಳೆ ಹಿಡಿಯುವ ಮುಂಚೆ ಅಜ್ಜ, ಅಜ್ಜಿಯರನ್ನು ಕೇಳಿ ಹಳೆಯ ಕಾಲುದಾರಿಗಳನ್ನು ನಡೆದು ಬರೆದುಬಿಡಿ. ಅವರಿಗೆ ಗೊತ್ತಿರುವುದು ಯಾವ ಉಪಗ್ರಹಕ್ಕೂ ಗೊತ್ತಿಲ್ಲ.