ಕಥೆಯ ತೂತುಗಳು, ಲೆಕ್ಕಕ್ಕೆ ಸಿಗದ ಜೀವಗಳು

ಕಥೆ ಕೇಳುತ್ತಿರುವ ಮಗು ನಡುವೆ ಬಾಯಿ ಹಾಕುತ್ತದೆ: "ಅರಮನೆಗೆ ಅಷ್ಟೊಂದು ಕಾವಲಿತ್ತಲ್ಲ, ರಾಕ್ಷಸ ಒಳಗೆ ಬಂದದ್ದು ಹೇಗಜ್ಜಿ?" ಅಜ್ಜಿ ಜಾಣೆಯಾಗಿದ್ದರೆ ಆ ಪ್ರಶ್ನೆಯಿಂದಲೇ ಇನ್ನೊಂದು ಕಥೆ ಹುಟ್ಟುತ್ತದೆ. ಇಲ್ಲವಾದರೆ "ಸುಮ್ಮನೆ ಮಲಗು" ಎಂಬ ಗದರಿಕೆಯೊಂದಿಗೆ ಕಥೆ ಮುಗಿಯುತ್ತದೆ. ಕಥೆಯನ್ನು ನಂಬಿದವರು ಮಾತ್ರ ಇಂಥ ಪ್ರಶ್ನೆ ಕೇಳುತ್ತಾರೆ. ನಂಬದವರು ನಿದ್ದೆ ಹೋಗುತ್ತಾರೆ.

ಹಾಲಿವುಡ್‌ನ 'ಸ್ಟಾರ್ ವಾರ್ಸ್' ಚಿತ್ರಸರಣಿಯ ಅಭಿಮಾನಿಗಳು ಸುಮಾರು ಐದು ದಶಕಗಳಿಂದ ಇಂಥ ಪ್ರಶ್ನೆಗಳನ್ನು ಕೇಳುತ್ತಲೇ ಬಂದಿದ್ದಾರೆ. ಜಾರ್ಜ್ ಲೂಕಸ್ ಇದರ ಮೊದಲ ಚಿತ್ರವನ್ನು ತೆರೆಗೆ ತಂದದ್ದು 1977ರಲ್ಲಿ. 2005ರ ಹೊತ್ತಿಗೆ ಆರು ಚಿತ್ರಗಳಾದವು. 2012ರಲ್ಲಿ ಲೂಕಸ್ ತಮ್ಮ ಸಂಸ್ಥೆಯನ್ನು 400 ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಡಿಸ್ನಿಗೆ ಮಾರಿದರು. ಡಿಸ್ನಿ 2015ರಿಂದ 2019ರೊಳಗೆ ಇನ್ನೂ ಮೂರು ಚಿತ್ರಗಳನ್ನು ಸೇರಿಸಿ ಮುಖ್ಯ ಕಥೆಯನ್ನು ಮುಗಿಸಿತು. ಅದರ ಅಕ್ಕಪಕ್ಕದ ಕಥೆಗಳು ಬೇರೆಯೇ ಇವೆ.

ಕಥೆಯ ಹಂದರ ಸರಳವಾದುದು. ಮರುಭೂಮಿಯ ಗ್ರಹವೊಂದರ ಗುಲಾಮ ಬಾಲಕ ಅನಾಕಿನ್, ಜೆಡೈ ಎಂಬ ಯೋಧ ಸಂನ್ಯಾಸಿಗಳ ಪಂಥವನ್ನು ಸೇರಿ ವೀರನಾಗುತ್ತಾನೆ. ಮುಂದೆ ದಾರಿ ತಪ್ಪಿ, ಡಾರ್ತ್ ವೇಡರ್ ಎಂಬ ಹೆಸರಿನಲ್ಲಿ ಕ್ರೂರ ಚಕ್ರವರ್ತಿಯ ಬಲಗೈಯಾಗುತ್ತಾನೆ. ಕೊನೆಗೆ ಮಗ ಲ್ಯೂಕ್, ತಂದೆಯೊಳಗೆ ಉಳಿದಿದ್ದ ಒಳ್ಳೆಯತನವನ್ನು ಎಬ್ಬಿಸುತ್ತಾನೆ. ಆದರೆ ಚಿತ್ರಗಳು ಬಂದ ಕ್ರಮ ಬೇರೆ. ಮಗನ ಕಥೆ 1977ರಿಂದ 1983ರವರೆಗೆ ಬಂತು, ತಂದೆಯ ಕಥೆ 1999ರಿಂದ 2005ರವರೆಗೆ ಬಂತು. ಹಿಂದುಮುಂದಾಗಿ ಹೇಳಿದ ಕಥೆಯಲ್ಲಿ ಅಲ್ಲಲ್ಲಿ ಹೊಲಿಗೆ ಬಿಡುವುದು ಸಹಜ.

ಹೀಗೆ ಹೊಲಿಗೆ ಬಿಟ್ಟ ಜಾಗವನ್ನು 'ಪ್ಲಾಟ್ ಹೋಲ್' ಎನ್ನುತ್ತಾರೆ. ನಾವು ಅದನ್ನು ಕಥೆಯ ತೂತು ಎಂದೇ ಕರೆಯೋಣ. ಮೊದಲ ಚಿತ್ರದಲ್ಲಿ 'ಡೆತ್ ಸ್ಟಾರ್' ಎಂಬ ಯುದ್ಧಗೋಳವಿದೆ. ಒಂದೇ ಏಟಿಗೆ ಇಡೀ ಗ್ರಹವನ್ನು ಪುಡಿಮಾಡಬಲ್ಲ ಈ ದೈತ್ಯ ಯಂತ್ರ, ಎರಡು ಮೀಟರ್ ಅಗಲದ ಕಿಂಡಿಯೊಳಗೆ ಬಿದ್ದ ಸ್ಫೋಟಕದಿಂದ ಸಿಡಿದುಹೋಗುತ್ತದೆ. ಅಂಥ ಕಿಂಡಿಯನ್ನು ಯಾವ ಎಂಜಿನಿಯರ್ ಬಿಟ್ಟ? ಅದೇ ಚಿತ್ರದಲ್ಲಿ ಹಾನ್ ಸೋಲೊ ತನ್ನ ನೌಕೆಯ ವೇಗವನ್ನು ಹೊಗಳಿಕೊಳ್ಳುತ್ತ 'ಪಾರ್ಸೆಕ್' ಲೆಕ್ಕ ಹೇಳುತ್ತಾನೆ. ಪಾರ್ಸೆಕ್ ಎಂಬುದು ಸುಮಾರು 3.26 ಜ್ಯೋತಿರ್ವರ್ಷಗಳ ದೂರ, ಕಾಲದ ಅಳತೆಯಲ್ಲ. 1983ರ ಚಿತ್ರದಲ್ಲಿ ಲ್ಯೂಕ್‌ನ ಅವಳಿ ಸೋದರಿ ಲೇಯಾ, ಹೆತ್ತ ತಾಯಿಯ ಮಸುಕು ನೆನಪು ತನಗಿದೆಯೆನ್ನುತ್ತಾಳೆ. 2005ರ ಚಿತ್ರದಲ್ಲಿ ಆ ತಾಯಿ ಹೆರಿಗೆಯಾದೊಡನೆ ತೀರಿಕೊಳ್ಳುತ್ತಾಳೆ.

ಈ ತೂತುಗಳನ್ನು ಮುಚ್ಚಿದ ಬಗೆಯಲ್ಲೇ ಕಥನದ ಗುಣಮಟ್ಟ ತಿಳಿಯುತ್ತದೆ ಎಂಬುದು ನಮ್ಮ ಅಭಿಪ್ರಾಯ. ಪಾರ್ಸೆಕ್ ಪ್ರಶ್ನೆಗೆ 2018ರ 'ಸೋಲೊ' ಚಿತ್ರ ಉತ್ತರ ಕೊಟ್ಟಿತು. ಹಾನ್ ಅಪಾಯಕರವಾದ ಅಡ್ಡದಾರಿ ಹಿಡಿದು ದೂರವನ್ನೇ ಕಡಿಮೆ ಮಾಡಿದನಂತೆ! ಲೆಕ್ಕವೇನೋ ಸರಿಹೋಯಿತು, ಆದರೆ ಹಾನ್‌ನ ಬಗ್ಗೆ ನಮಗೆ ಹೊಸದೇನೂ ತಿಳಿಯಲಿಲ್ಲ. ಡೆತ್ ಸ್ಟಾರ್‌ನ ಕಿಂಡಿಗೆ 2016ರ 'ರೋಗ್ ವನ್' ಕೊಟ್ಟ ಉತ್ತರ ಇದಕ್ಕಿಂತ ಎಷ್ಟೋ ಮೇಲಿನದು. ಸಾಮ್ರಾಜ್ಯ ಬಲವಂತದಿಂದ ದುಡಿಸಿಕೊಂಡ ವಿಜ್ಞಾನಿಯೊಬ್ಬ ಬೇಕೆಂದೇ ಆ ದೌರ್ಬಲ್ಯವನ್ನು ಅಡಗಿಸಿಟ್ಟಿದ್ದ. ಆ ಸುದ್ದಿಯನ್ನು ಹೊತ್ತು ತಂದವನು ಸಾಮ್ರಾಜ್ಯದ್ದೇ ಒಬ್ಬ ಸರಕು ನೌಕೆಯ ಚಾಲಕ. ಪಾಕಿಸ್ತಾನಿ ಮೂಲದ ಬ್ರಿಟಿಷ್ ನಟ ರಿಜ್ ಅಹ್ಮದ್ ಆ ಪಾತ್ರ ಮಾಡಿದ್ದಾರೆ. ನಕ್ಷೆಯನ್ನು ಕದ್ದು ಕಳಿಸುವ ಕೆಲಸದಲ್ಲಿ ವಿಜ್ಞಾನಿಯ ಮಗಳೂ ಆ ಚಾಲಕನೂ ಅವರ ಸಂಗಾತಿಗಳೂ ಪ್ರಾಣ ಕಳೆದುಕೊಳ್ಳುತ್ತಾರೆ. ಮೂವತ್ತೊಂಬತ್ತು ವರ್ಷ ನಗೆಪಾಟಲಾಗಿದ್ದ ಕಿಂಡಿಯ ಹಿಂದೆ ಹೀಗೆ ಕೆಲವು ಮನುಷ್ಯರ ಬಲಿದಾನ ಬಂದು ನಿಂತಿತು.

ಇದಕ್ಕೆ ವಿರುದ್ಧವಾದ ಉದಾಹರಣೆ 2019ರ 'ದಿ ರೈಸ್ ಆಫ್ ಸ್ಕೈವಾಕರ್'. 1983ರ ಚಿತ್ರದಲ್ಲಿ ವೇಡರ್ ಮಗನನ್ನು ಉಳಿಸಲು ಚಕ್ರವರ್ತಿಯನ್ನು ಎತ್ತಿ ಪಾತಾಳಕ್ಕೆ ಎಸೆದಿದ್ದ. ಆ ಒಂದು ಕೃತ್ಯಕ್ಕೆ ತನ್ನ ಜೀವವನ್ನೇ ತೆತ್ತಿದ್ದ. 2019ರಲ್ಲಿ ಅದೇ ಚಕ್ರವರ್ತಿ ಹೇಗೋ ಮರಳಿ ಬಂದಿದ್ದಾನೆಂದು ಪಾತ್ರವೊಂದು ಹೇಳಿ ಕೈತೊಳೆದುಕೊಳ್ಳುತ್ತದೆ. ಚಿತ್ರದ ಆರಂಭದ ಬರಹದಲ್ಲಿ ಪ್ರಸ್ತಾಪವಾಗುವ ಅವನ ಘೋಷಣೆಯಂತೂ ಕೇಳಿಬಂದದ್ದು ಚಿತ್ರದಲ್ಲಲ್ಲ, 'ಫೋರ್ಟ್‌ನೈಟ್' ಎಂಬ ವಿಡಿಯೋ ಆಟದಲ್ಲಿ. ಅಭಿಮಾನಿಗಳು ಸಿಟ್ಟಾದದ್ದು ನ್ಯಾಯವೇ ಆಗಿತ್ತು. ಸತ್ತವನು ಬದುಕಿ ಬಂದನೆಂಬುದಕ್ಕಿಂತಲೂ ಒಬ್ಬ ತಂದೆಯ ಪಶ್ಚಾತ್ತಾಪಕ್ಕೆ ಬೆಲೆಯೇ ಇಲ್ಲದಂತಾಯಿತೆಂಬುದು ಅವರ ದೂರಿನ ತಿರುಳು.

ಆದರೆ ಎಲ್ಲ ಸಿಟ್ಟೂ ನ್ಯಾಯದ್ದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 1999ರ ಚಿತ್ರದಲ್ಲಿ ಜಾರ್ ಜಾರ್ ಬಿಂಕ್ಸ್ ಎಂಬ ಹಾಸ್ಯ ಪಾತ್ರ ಮಾಡಿದ ಅಹ್ಮದ್ ಬೆಸ್ಟ್ ಮೇಲೆ ನಿಂದನೆಯ ಮಳೆಯೇ ಸುರಿಯಿತು. ಅದು ತನ್ನನ್ನು ಆತ್ಮಹತ್ಯೆಯ ಅಂಚಿಗೆ ಒಯ್ದಿತ್ತೆಂದು ಅವರು 2018ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. 2017ರ ಚಿತ್ರದಲ್ಲಿ ನಟಿಸಿದ ವಿಯೆಟ್ನಾಂ ಮೂಲದ ನಟಿ ಕೆಲ್ಲಿ ಮೇರಿ ಟ್ರಾನ್ ಅವರನ್ನು ಜನಾಂಗದ್ವೇಷದ ಮಾತುಗಳಿಂದ ಹಿಂಸಿಸಲಾಯಿತು. ಕಥೆಯನ್ನು ಬರೆದವರು ಇವರಲ್ಲ. ಚಿತ್ರಕಥೆಯ ದೋಷವನ್ನು ನಟಿಯ ಮುಖದ ಮೇಲೆ ತೀರಿಸಿಕೊಳ್ಳುವುದು ವಿಮರ್ಶೆಯಾಗಲಾರದು.

ಈಗ ನಮ್ಮನ್ನು ಹೆಚ್ಚು ಕಾಡುವ ಸಂಗತಿಗೆ ಬರೋಣ. ಕಿಂಡಿಯ ಅಗಲವನ್ನೂ ಪಾರ್ಸೆಕ್ಕಿನ ಉದ್ದವನ್ನೂ ಇಷ್ಟು ಶ್ರದ್ಧೆಯಿಂದ ಅಳೆದವರ ಕಣ್ಣಿಗೆ ಅಷ್ಟಾಗಿ ಬೀಳದ ಒಂದು ದೊಡ್ಡ ತೂತು ಈ ಕಥೆಯಲ್ಲಿದೆ.

ಅದು ಅನಾಕಿನ್‌ನ ತಾಯಿ ಶ್ಮಿಯಿಂದ ಶುರುವಾಗುತ್ತದೆ. 1999ರ ಚಿತ್ರದಲ್ಲಿ ಜೆಡೈ ಗುರು ಬಾಲಕನನ್ನು ಪಣದಲ್ಲಿ ಗೆದ್ದು ಕರೆದೊಯ್ಯುತ್ತಾನೆ. ತಾಯಿ ಗುಲಾಮಳಾಗಿಯೇ ಉಳಿಯುತ್ತಾಳೆ. ಮುಂದಿನ ಹತ್ತು ವರ್ಷ ನ್ಯಾಯದ ರಕ್ಷಕರೆನಿಸಿದ ಜೆಡೈಗಳಾಗಲಿ, ಆ ಬಾಲಕನಿಂದ ಉಪಕಾರ ಪಡೆದ ರಾಣಿ ಪದ್ಮೆಯಾಗಲಿ ಅವಳನ್ನು ಬಿಡಿಸುವ ಯೋಚನೆ ಮಾಡುವುದಿಲ್ಲ. ಕೊನೆಗೆ ಅವಳನ್ನು ಕೊಂಡು, ಬಿಡುಗಡೆ ಮಾಡಿ, ಮದುವೆಯಾದವನು ಒಬ್ಬ ಸಾಮಾನ್ಯ ರೈತ. ಈ ಪ್ರಶ್ನೆಯನ್ನು ಅಭಿಮಾನಿಗಳು ಕೇಳಿದ್ದಾರೆ, ಅವರಿಗೆ ಸಮಾಧಾನಕರ ಉತ್ತರ ಸಿಕ್ಕಿಲ್ಲ.

2002ರ 'ಅಟ್ಯಾಕ್ ಆಫ್ ದಿ ಕ್ಲೋನ್ಸ್' ಚಿತ್ರದಲ್ಲಿ ಶ್ಮಿಯನ್ನು ಟಸ್ಕನ್ನರೆಂಬ ಮರುಭೂಮಿ ಅಲೆಮಾರಿಗಳು ಹಿಡಿದೊಯ್ಯುತ್ತಾರೆ. ಅನಾಕಿನ್ ಹುಡುಕಿ ಹೋದಾಗ ಅವಳು ಅವನ ತೋಳಿನಲ್ಲೇ ಪ್ರಾಣಬಿಡುತ್ತಾಳೆ. ಅವನು ಇಡೀ ಬಿಡಾರವನ್ನು ಕೊಂದುಹಾಕುತ್ತಾನೆ. ಗಂಡಸರನ್ನಷ್ಟೇ ಅಲ್ಲ, ಹೆಂಗಸರನ್ನೂ ಮಕ್ಕಳನ್ನೂ ಕೊಂದೆನೆಂದು, ಅವರು ಪ್ರಾಣಿಗಳಂತಿದ್ದರೆಂದು ಪದ್ಮೆಯೆದುರು ತಾನೇ ಒಪ್ಪಿಕೊಳ್ಳುತ್ತಾನೆ. ಪದ್ಮೆ ಆಗ ಪ್ರಜಾಪ್ರಭುತ್ವಕ್ಕಾಗಿ ದನಿಯೆತ್ತುವ ಸೆನೆಟ್ ಸದಸ್ಯೆ. ಕೋಪ ಬರುವುದು ಮನುಷ್ಯ ಸಹಜವೆಂದು ಅವಳು ಅವನನ್ನು ಸಂತೈಸುತ್ತಾಳೆ. ಚಿತ್ರ ಮುಗಿಯುವಷ್ಟರಲ್ಲಿ ಅವನ ಕೈಹಿಡಿಯುತ್ತಾಳೆ.

2005ರ ಚಿತ್ರದಲ್ಲಿ ಅದೇ ಅನಾಕಿನ್ ಜೆಡೈ ಮಂದಿರದ ಎಳೆಯ ಮಕ್ಕಳನ್ನು ಕೊಲ್ಲುತ್ತಾನೆ. ಈ ಸುದ್ದಿ ತಿಳಿದಾಗ ಪದ್ಮೆ ನಂಬುವುದೇ ಇಲ್ಲ. ತನ್ನ ಗಂಡ ಅಂಥ ಕೆಲಸ ಮಾಡಲಾರನೆನ್ನುತ್ತಾಳೆ. ಮಕ್ಕಳನ್ನು ಕೊಂದೆನೆಂದು ಅವನೇ ಒಮ್ಮೆ ಅವಳೆದುರು ಹೇಳಿರಲಿಲ್ಲವೇ? ಚಿತ್ರಕಥೆಗೆ ಮರೆವೆಂದು ಹೇಳುವಂತಿಲ್ಲ. ಅದೇ ಚಿತ್ರದ ಆರಂಭದಲ್ಲಿ ಚಕ್ರವರ್ತಿಯಾಗಲಿರುವವನು ಅನಾಕಿನ್‌ಗೆ ಆ ಹತ್ಯೆಯನ್ನು ನೆನಪಿಸುತ್ತಾನೆ. ಖಳನಾಯಕನಿಗೆ ನೆನಪಿರುವುದು ನಾಯಕಿಗೆ ನೆನಪಿಲ್ಲ. ಹಾಗಾದರೆ ಉಳಿಯುವುದು ಒಂದೇ ಅರ್ಥ. ಮಂದಿರದ ಮಕ್ಕಳು ಮಕ್ಕಳು, ಮರುಭೂಮಿಯ ಮಕ್ಕಳು ಮಕ್ಕಳಲ್ಲ.

ಅನಾಕಿನ್‌ನ ಪತನಕ್ಕೆ ಇದೇ ಮೊದಲ ಮೆಟ್ಟಿಲು, ಲೂಕಸ್ ಇದನ್ನು ಪಾಪವೆಂದೇ ತೋರಿಸಿದ್ದಾರೆ ಎಂದು ಹಲವರು ವಾದಿಸುತ್ತಾರೆ. ಈ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಲೂಕಸ್ ಸಾಮ್ರಾಜ್ಯಶಾಹಿಯ ಪಕ್ಷದವರೂ ಅಲ್ಲ. ತಮ್ಮ ಕಥೆಯ ಬಂಡುಕೋರರ ಹಿಂದೆ ವಿಯೆಟ್ನಾಂ ಯುದ್ಧದ ನೆರಳಿದೆಯೆಂದು ಅವರೇ ಹೇಳಿದ್ದಾರೆ. ಆದರೆ ಆ ಪಾಪ ಕಥೆಯಲ್ಲಿ ಕೊಂದವನ ಸಂಕಟವಾಗಿ ಮಾತ್ರ ಉಳಿಯುತ್ತದೆ. ಸತ್ತವರಿಗೆ ಹೆಸರಿಲ್ಲ, ಭಾಷೆಯಿಲ್ಲ. ಅವರು ಶ್ಮಿಯನ್ನು ಏಕೆ ಹಿಡಿದರೆಂಬ ಕಾರಣವೂ ಇಲ್ಲ.

ಆ ಗ್ರಹದ ಹೆಸರು ಟಾಟೂಯಿನ್. ಟ್ಯುನೀಷಿಯಾದ ತತಾವಿನ್ ಪಟ್ಟಣದ ಹೆಸರಿನಿಂದ ಬಂದದ್ದು. ಮೊದಲ ಚಿತ್ರದ ಮರುಭೂಮಿ ದೃಶ್ಯಗಳು ಚಿತ್ರಿತವಾದದ್ದೂ ಆ ಅರಬ್ ದೇಶದಲ್ಲೇ. ಸುತ್ತಿದ ಮುಖ, ಉದ್ದನೆಯ ನಿಲುವಂಗಿ, ಕೈಯಲ್ಲೊಂದು ಕೋಲು, ಸವಾರಿಗೆ ದೊಡ್ಡ ಮೃಗ: ಟಸ್ಕನ್ನರನ್ನು ನೋಡಿದರೆ ಅರಬ್ ಬದುವಿಯರ ನೆನಪಾಗದಿರದು. 2002ರ ಚಿತ್ರದ ಮುಖ್ಯ ಚಿತ್ರೀಕರಣ ನಡೆದದ್ದು 2000ದಲ್ಲಿ, ನ್ಯೂಯಾರ್ಕ್ ದಾಳಿಗಿಂತ ಮೊದಲು. ಅದರಲ್ಲಿ ಸಮಕಾಲೀನ ದುರುದ್ದೇಶ ಹುಡುಕುವುದು ತಪ್ಪು. ಆದರೆ ಜನ ಅದನ್ನು ನೋಡಿದ್ದು 2002ರ ಮೇ ತಿಂಗಳಲ್ಲಿ, ಅಫಘಾನಿಸ್ತಾನದ ಮೇಲೆ ಬಾಂಬುಗಳು ಬೀಳುತ್ತಿದ್ದ ದಿನಗಳಲ್ಲಿ. ಮುಖ ಕಾಣದ ಮರುಭೂಮಿಯ ಜನ ಸಾಯುವುದು ನಾಯಕನ ಮನೋವೇದನೆಯ ಒಂದು ಅಧ್ಯಾಯವಷ್ಟೇ ಎಂದು ಕಥೆಯೊಂದು ರೂಢಿ ಮಾಡಿಸಿದರೆ, ಆ ರೂಢಿ ಚಿತ್ರಮಂದಿರದ ಬಾಗಿಲಲ್ಲೇ ನಿಂತುಬಿಡುತ್ತದೆಯೇ?

ಸಮಾಧಾನದ ಸಂಗತಿಯೆಂದರೆ, ಪ್ರಶ್ನೆ ಕೇಳುವವರು ಇದ್ದಾಗ ಕಥೆಯೂ ಕಲಿಯುತ್ತದೆ. 2019ರಲ್ಲಿ ಆರಂಭವಾದ 'ದಿ ಮ್ಯಾಂಡಲೋರಿಯನ್' ಧಾರಾವಾಹಿಯಲ್ಲಿ ಟಸ್ಕನ್ನರಿಗೊಂದು ಸಂಜ್ಞಾಭಾಷೆ ಬಂತು. ಅದನ್ನು ರೂಪಿಸಿದವರು ಕಿವುಡ ನಟ ಟ್ರಾಯ್ ಕೋಟ್ಸರ್. 2021ರ ಕೊನೆಯಲ್ಲಿ ಬಂದ 'ದಿ ಬುಕ್ ಆಫ್ ಬೋಬಾ ಫೆಟ್' ಅವರನ್ನು ಆ ನೆಲದ ಮೂಲನಿವಾಸಿಗಳೆಂದು, ಕಡಲು ಬತ್ತುವ ಮೊದಲಿನ ನೆನಪುಳ್ಳವರೆಂದು ತೋರಿಸಿತು. ದುರದೃಷ್ಟವೆಂದರೆ ಅಲ್ಲಿಯೂ ಆ ಬಿಡಾರ ನಾಶವಾಗುತ್ತದೆ, ನಾಯಕನಿಗೆ ಸೇಡಿನ ಕಾರಣವೊಂದು ಸಿಗುತ್ತದೆ. ತೂತಿಗೆ ತೇಪೆ ಬಿತ್ತು, ಆದರೆ ಅದೇ ಹಳೆಯ ಬಟ್ಟೆಯಿಂದ.

ಇದಕ್ಕಿಂತ ಗಟ್ಟಿಯಾದ ಕೆಲಸ ಬೇರೊಂದು ಕಡೆ ನಡೆದಿದೆ. 1994ರಲ್ಲಿ ಬಂದ ಕೆವಿನ್ ಸ್ಮಿತ್ ಅವರ 'ಕ್ಲರ್ಕ್ಸ್' ಎಂಬ ಹಾಸ್ಯಚಿತ್ರದಲ್ಲಿ ಇಬ್ಬರು ಅಂಗಡಿ ನೌಕರರು ಸ್ಟಾರ್ ವಾರ್ಸ್ ಕುರಿತು ಜಗಳವಾಡುತ್ತಾರೆ. ಎರಡನೆಯ ಡೆತ್ ಸ್ಟಾರ್ ಸಿಡಿದಾಗ ಅದಿನ್ನೂ ಕಟ್ಟುತ್ತಿದ್ದ ಸ್ಥಿತಿಯಲ್ಲಿತ್ತಲ್ಲ, ಅಲ್ಲಿ ಕೂಲಿಗೆ ದುಡಿಯುತ್ತಿದ್ದ ಕೊಳಾಯಿಯವರ, ಚಾವಣಿ ಹಾಕುವವರ ಗತಿಯೇನು ಎಂಬುದು ಅವರ ಪ್ರಶ್ನೆ. ಜನ ನಕ್ಕರು. ಆದರೆ ಗೆದ್ದವರ ಜಯಘೋಷದ ನಡುವೆ ಸತ್ತ ಕೂಲಿಯವರ ಲೆಕ್ಕ ಕೇಳಿದ ಪ್ರಶ್ನೆ ಅದು. 2022ರ 'ಆಂಡೋರ್' ಧಾರಾವಾಹಿ ಅದಕ್ಕೆ ಹತ್ತಿರದ ವಿಷಯವನ್ನೇ ಗಂಭೀರವಾಗಿ ಎತ್ತಿಕೊಂಡಿತು. ಅದರಲ್ಲಿ ಸೆರೆಮನೆಯ ಕೈದಿಗಳು ಏನೆಂದು ಗೊತ್ತಿಲ್ಲದೆ ಹಗಲಿರುಳು ಯಂತ್ರಭಾಗಗಳನ್ನು ಜೋಡಿಸುತ್ತಾರೆ. ಅವರಿಗೆ ಹೆಸರಿದೆ, ಮುಪ್ಪಿದೆ, ಬಿಡುಗಡೆಯ ದಿನ ಎಣಿಸುವ ಆಸೆಯಿದೆ. ಮೊದಲ ಭಾಗದ ಕಟ್ಟಕಡೆಯ ದೃಶ್ಯದಲ್ಲಿ, ಅವರು ಜೋಡಿಸಿದ್ದು ಡೆತ್ ಸ್ಟಾರ್‌ನ ಭಾಗಗಳನ್ನೆಂದು ತಿಳಿಯುತ್ತದೆ. ಈ ಸರಣಿಯಲ್ಲಿ ಬಂದ ಅತ್ಯುತ್ತಮ ಕಥನವಿದೆಂದು ಹಲವು ವಿಮರ್ಶಕರು ಮೆಚ್ಚಿದ್ದು ಇದರ ಬಾಹ್ಯಾಕಾಶ ಯುದ್ಧಗಳಿಗಾಗಿ ಅಲ್ಲ.

ಆದ್ದರಿಂದ ಅಭಿಮಾನಿಗಳ ಈ ವಾದವಿವಾದವನ್ನು ಕೆಲಸವಿಲ್ಲದವರ ಹರಟೆಯೆಂದು ಕಡೆಗಣಿಸಲು ನಾವು ಸಿದ್ಧರಿಲ್ಲ. ಕಥೆಯಲ್ಲಿ ಕಾರ್ಯಕಾರಣ ಸರಿಯಿರಬೇಕೆಂದು ಹಟ ಹಿಡಿಯುವುದು ಒಳ್ಳೆಯ ಅಭ್ಯಾಸ. ಸುದ್ದಿಯಲ್ಲೂ ಭಾಷಣದಲ್ಲೂ ಅದೇ ಹಟ ಬೇಕು. ಆದರೆ "ಇದು ಹೇಗಾಯಿತು?" ಎಂದು ಕೇಳಿದವರು "ಇದು ಯಾರಿಗಾಯಿತು?" ಎಂದೂ ಕೇಳಬೇಕು. ಅಜ್ಜಿಯ ಮಗ್ಗುಲಲ್ಲಿ ಮಲಗಿದ ಮಗು ರಾಕ್ಷಸ ಒಳಗೆ ಬಂದದ್ದು ಹೇಗೆಂದು ತಿಳಿದುಕೊಂಡ ಮೇಲೆ, ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ಪ್ರಶ್ನೆ ಕೇಳಬಹುದು: "ಆ ರಾಕ್ಷಸನಿಗೂ ಮಕ್ಕಳಿದ್ದರೇನಜ್ಜಿ?" ಅಜ್ಜಿಯ ಕಥೆಗೆ ನಿಜವಾದ ಪರೀಕ್ಷೆ ಆಗ ಶುರುವಾಗುತ್ತದೆ.