ನೇತ್ರಾವತಿಯ ಹರಿವು: ಮಾದರಿಗಳ ಹೋಲಿಕೆಯ ಒರೆಗಲ್ಲು

ಜಲಾನಯನ ಮಾದರಿಗಳನ್ನು ಹೋಲಿಸುವ ಅಧ್ಯಯನಗಳು ಬಹುಮಟ್ಟಿಗೆ ನ್ಯಾಶ್ ಮತ್ತು ಸಟ್‌ಕ್ಲಿಫ್ 1970ರಲ್ಲಿ ಮಂಡಿಸಿದ ದಕ್ಷತಾಂಕವನ್ನೇ ಆಧರಿಸಿವೆ. ನೇತ್ರಾವತಿಗೆ ಈ ಒರೆಗಲ್ಲೊಂದೇ ಸಾಲದು. ದೋಷದ ವರ್ಗವನ್ನು ಎಣಿಸುವುದರಿಂದ ಅದರಲ್ಲಿ ನೆರೆಯ ದಿನಗಳಿಗೇ ತೂಕ ಹೆಚ್ಚು. ಮಳೆಗಾಲದಲ್ಲಿ ಉಕ್ಕಿ ಬೇಸಿಗೆಯಲ್ಲಿ ಸೊರಗುವ ಈ ನದಿಯಲ್ಲಿ ಋತುಮಾನದ ಏರಿಳಿತವನ್ನಷ್ಟೇ ಹಿಡಿದ ಮಾದರಿಯೂ ಉತ್ತಮ ಅಂಕ ಪಡೆಯಬಲ್ಲದು. ಆದರೆ 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರನ್ನು ಮಂಗಳೂರಿಗೆ ಸರದಿಯ ಮೇಲೆ ಬಿಡಬೇಕಾಯಿತು. ನಗರಕ್ಕೆ ಬೇಕಿರುವುದು ಕ್ಷೀಣ ಹರಿವಿನ ಲೆಕ್ಕ.

ಸ್ವಾಟ್ ಮಾದರಿಯಲ್ಲಿ ಸಾಮಾನ್ಯವಾಗಿ ಬಳಸುವ ಕರ್ವ್ ನಂಬರ್ ವಿಧಾನವು ಅಮೆರಿಕದ ಸಣ್ಣ ಕೃಷಿ ಜಲಾನಯನಗಳ ದತ್ತಾಂಶದಿಂದ ರೂಪುಗೊಂಡದ್ದು. ಘಟ್ಟದ ಕಾಡಿನ ಇಳಿಜಾರಿನಲ್ಲಿ ಮೇಲ್ಮೈ ಹರಿವನ್ನು ಅದು ಹೆಚ್ಚಾಗಿ ಎಣಿಸಿದರೆ, ನೆಲಕ್ಕಿಂಗುವ ಪಾಲು ಕುಗ್ಗಿ ಬೇಸಿಗೆಯ ಲೆಕ್ಕವೂ ತಪ್ಪುತ್ತದೆ. ಹರಿವಿನ ಲಘುಗಣಕದ ಮೇಲೆ ಅದೇ ಅಂಕವನ್ನು ಬೇಸಿಗೆಯ ತಿಂಗಳುಗಳಿಗೆ ಪ್ರತ್ಯೇಕವಾಗಿ ಗಣಿಸಿದರೆ ಮಾದರಿಗಳ ಶ್ರೇಣಿಯೇ ಬದಲಾಗಬಹುದು.