ಉಗ್ರನ ಗುಡಿಯೆದುರು ಬ್ಲ್ಯಾಕ್ ಮೆಟಲ್

ಸಾವನದುರ್ಗದ ಕರಿಗುಡ್ಡದ ನೆರಳಲ್ಲಿ ಕೂತು ಡಾರ್ಕ್‌ಥ್ರೋನ್ ತಂಡದ 'ಟ್ರಾನ್ಸಿಲ್ವೇನಿಯನ್ ಹಂಗರ್' (1994) ಕೇಳುವಾಗ ಅನ್ನಿಸಿದ್ದು: ಈ ಸಂಗೀತಕ್ಕೆ ಇಲ್ಲಿ ಎದುರಾಳಿಯೇ ಇಲ್ಲವಲ್ಲ. ನಾರ್ವೆಯ ಹುಡುಗರು ಸೈತಾನನನ್ನು ಕರೆದದ್ದು ಚರ್ಚಿನ ಮೇಲಿನ ಸಿಟ್ಟಿಗೆ. ಆ ವಲಯದ ಕೆಲವರು ಚರ್ಚುಗಳಿಗೆ ಬೆಂಕಿಯನ್ನೂ ಇಟ್ಟರು. ನಾಲ್ಕು ಟ್ರ್ಯಾಕಿನ ಯಂತ್ರದಲ್ಲಿ ಹಿಡಿದ ಆ ಒರಟು ಸದ್ದೂ ನಂಬಿಕೆಯದೇ ಭಾಗ. ನಯವಾದದ್ದೆಲ್ಲ ಅವರಿಗೆ ಸುಳ್ಳು. ನಮ್ಮಲ್ಲಾದರೋ ದಕ್ಷನ ರುಂಡ ಕಡಿದ ವೀರಭದ್ರ, ಕರುಳು ಬಗೆದ ನರಸಿಂಹ ಇಬ್ಬರಿಗೂ ಇದೇ ತಪ್ಪಲಲ್ಲಿ ಗುಡಿಯಿದೆ. ಮಂಗಳಾರತಿಯೂ ಆಗುತ್ತದೆ.

ಬೆಂಗಳೂರಿನ 'ದ್ವೇಷ' ತಂಡಕ್ಕೆ ಇದು ಗೊತ್ತಿತ್ತು. (ಅವರದು ಡೆತ್ ಮೆಟಲ್, ಪಕ್ಕದ ಮನೆ ಅನ್ನಿ.) 2014ರ 'ಸ್ತೂಪ' ಆಲ್ಬಮ್ಮಿನಲ್ಲಿ ತಲೆಕೆಳಗಾದ ಶಿಲುಬೆಯನ್ನು ಎರವಲು ತರದೆ, ಕನ್ನಡದಲ್ಲೇ ಉಗ್ರನರಸಿಂಹನನ್ನು ಕೂಗಿದರು. ಗಿಟಾರಿನ ಕೊಳಕು ಸದ್ದು ನನಗಿಷ್ಟ. ಆದರೆ ವೀರಗಾಸೆಯವರ ಒಡಪು ಸಮಾಳದ ಅಬ್ಬರದಲ್ಲೂ ಪದಪದವಾಗಿ ಕೇಳುತ್ತದೆ. ಇಲ್ಲಿ ಕನ್ನಡ ಬರೀ ಗುಟುರಾಗಿ ಕರಗುತ್ತದೆ. ಅದಕ್ಕಿಂತ ದೊಡ್ಡ ತಕರಾರು ಬೇರೆಯಿದೆ. ದೇವರ ಉಗ್ರತೆಯನ್ನೇ ಹೊಗಳುವ ಅಬ್ಬರ ಯಾರನ್ನು ಕೆಣಕೀತು? ಪೂಜಾರಿಯೂ ತಲೆದೂಗಿಯಾನು. ಇಲ್ಲಿ ಸಿಟ್ಟಿಗೆ ಕಾರಣವಿದ್ದದ್ದು ಗುಡಿಯ ಹೊಸ್ತಿಲ ಹೊರಗೆ ನಿಲ್ಲಿಸಿದವರಿಗೆ. ಅವರ ದನಿಗಾಗಿ 'ಸ್ತೂಪ'ವನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಸಿಗಲಿಲ್ಲ.